ಕ್ರೈಸ್ತ ಹೆಣ್ಣುಮಕ್ಕಳ ಧರ್ಮಶಿಕ್ಷಣ: ಒಂದು ಪ್ರತ್ಯುತ್ತರ



ಕಳೆದ ಮಾಘಮಾಸದಲ್ಲಿ ಕಮಲಾಪುರದ ಒಂದು ಕ್ರೈಸ್ತ ಗೃಹದಲ್ಲಿ ನಡೆದ ಸಂಭಾಷಣೆಯೇ ಈ ಲೇಖನಕ್ಕೆ ಕಾರಣವು. ಆ ಮನೆಯ ಗೃಹಿಣಿಯು ಮೂವತ್ತು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಓದಿದವಳು. ಆಕೆಯ ಮಗಳು ಈಗ ಬಿ.ಎ. ಮುಗಿಸಿರುವಳು. ಮಂಗಳೂರಿನ ಬಲ್ಮಠದಲ್ಲಿ ಕನ್ನಡದಲ್ಲಿಯೇ ಪಾಠ ನಡೆಯುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿಗೆ ಸೇರಿ ದೈವಶಾಸ್ತ್ರವನ್ನು ಓದಬೇಕೆಂಬುದು ಆ ಹುಡುಗಿಯ ಹಂಬಲ. ಮನೆಯ ಹಿರಿಯರಿಗೆ ಇದು ಸರ್ವಥಾ ಸಮ್ಮತವಿಲ್ಲ. ಅವರು ತಮ್ಮ ಸಭೆಯಲ್ಲಿ ಮಾನ್ಯರು, ಸಜ್ಜನರು. ನನ್ನ ತಲೆಯ ನರೆಯನ್ನೂ ಪಾಠಶಾಲೆಯ ಓದನ್ನೂ ನೆಚ್ಚಿ ಅವರು ಹೀಗೆಂದರು: “ಮಾಸ್ತರ್ರೇ, ನೀವು ಶಾಸ್ತ್ರ ಓದಿದವರು. ಹೆಣ್ಣಿಗೆ ಭಕ್ತಿ ಇದ್ದರ ಸಾಲದೇನ್ರಿ? ಇಷ್ಟೆಲ್ಲಾ ವಿಚಾರ ಯಾತಕ್ಕ ಬೇಕು? ನೀವರೇ ನಾಲ್ಕು ಬುದ್ಧಿ ಹೇಳ್ರಿ.” ಬೇರೆ ವಿಷಯಗಳಲ್ಲಿ ನಮ್ಮ ಮತಗಳು ಹೇಗೇ ಇರಲಿ, ಹೆಣ್ಣಿನ ಬಾಯಿ ಮುಚ್ಚಿಸುವುದರಲ್ಲಿ ನಾನು ಅವರ ಪಕ್ಷದವನೇ ಆಗಿರುವೆನೆಂದು ಅವರು ನಂಬಿದ್ದರು. ನಾನು ಚಹ ಕುಡಿದು, ಏನೂ ಹೇಳದೆ ಕಲಬುರಗಿಯ ಬಸ್ಸು ಹತ್ತಿದೆನು. ಅಂದು ಬಾರದ ಉತ್ತರವನ್ನು ಇಂದು ಬರೆಯುತ್ತಿರುವೆನು.

“ಅನ್ಯಮತದವನಾದ ನಿನಗೆ ಕ್ರೈಸ್ತರ ಮಕ್ಕಳ ಶಿಕ್ಷಣವನ್ನು ಕುರಿತು ಮಾತನಾಡುವ ಅಧಿಕಾರವೆಲ್ಲಿಯದು?” ಎಂದು ಮೊದಲು ಕೇಳುವವರುಂಟು. ಕೇಳತಕ್ಕ ಪ್ರಶ್ನೆಯೇ. ಪ್ರಶ್ನೆಯನ್ನು ನನ್ನ ಮುಂದಿಟ್ಟವರು ಅವರೇ ಎಂಬುದು ಒಂದು ಸಮಾಧಾನ. ಎರಡನೆಯದು, ನನ್ನ ತಲೆಯ ಮೇಲೊಂದು ಋಣವಿರುವುದು. ಈ ಗೃಹಿಣಿಯು ಎಂಟನೆಯ ತರಗತಿಯ ಬಾಲಿಕೆಯಾಗಿದ್ದಾಗ ಒಂದು ದಿನ ನನ್ನ ಮೇಜಿನ ಬಳಿಗೆ ಬಂದು, “ಸರ್, ನನಗೂ ಸಂಸ್ಕೃತ ಕಲಸ್ತೀರೇನ್ರಿ?” ಎಂದು ಕೇಳಿದಳು. “ನಿಮ್ಮ ಪ್ರಾರ್ಥನಾಕ್ಕ ಅದು ಬೇಕಾಗೂದಿಲ್ಲವ್ವಾ” ಎಂದು ನಾನು ನಕ್ಕೆನು. ಆಕೆ ಮರುಮಾತಾಡಲಿಲ್ಲ, ಮರಳಿ ಕೇಳಲೂ ಇಲ್ಲ. ಬೈಗುಳಾಡಿದ್ದರೆ ಆ ಗಾಯ ಮಾಯುತ್ತಿತ್ತೋ ಏನೋ. ನಗುವಿನಿಂದ ಮುಚ್ಚಿದ ಬಾಗಿಲನ್ನು ಮಕ್ಕಳು ಮತ್ತೆ ತಟ್ಟುವುದಿಲ್ಲ. ಆದುದರಿಂದ ಈ ಲೇಖನದ ಮೊದಲ ಆರೋಪಿಯು ನಾನೇ.

ಇನ್ನು ಪ್ರಕೃತಕ್ಕೆ ಬರುವೆನು. ಭಕ್ತಿಗೂ ವಿಚಾರಕ್ಕೂ ವಿರೋಧವಿದೆಯೆನ್ನುವವರು ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ಒಮ್ಮೆ ಅವಲೋಕಿಸಬೇಕು. ಆಕೆ ದೂರದವರಲ್ಲ. ೧೮೫೮ನೆಯ ಇಸವಿಯಲ್ಲಿ, ತುಂಗಭದ್ರೆಯರು ಹುಟ್ಟುವ ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ ಜನಿಸಿದವರು, ಕನ್ನಡವನ್ನು ಬಲ್ಲವರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ತಮ್ಮ ಪತ್ನಿಗೆ ಸಂಸ್ಕೃತವನ್ನು ಕಲಿಸಿದ ಅಪರಾಧಕ್ಕಾಗಿ ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಲ್ಲಬೇಕಾಯಿತು. ಅವರು ಶಾಸ್ತ್ರಗಳಿಂದಲೇ ಪ್ರಮಾಣಗಳನ್ನು ಎತ್ತಿ ತೋರಿಸಿ ತಮ್ಮ ಪಕ್ಷವನ್ನು ಸಮರ್ಥಿಸಿಕೊಂಡರು. ಆ ತಾಯಿಯೇ ಮಗಳಿಗೆ ಗುರುವಾದಳು. ೧೮೭೮ರಲ್ಲಿ ಕಲಕತ್ತೆಯ ವಿದ್ವಾಂಸರು ಆ ಮಗಳಿಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತು ಗೌರವಿಸಿದರು. ಉಡುಪಿಯ ಆ ಸಭೆಯ ವೃತ್ತಾಂತವನ್ನು ಓದಿದ ದಿನ ನನಗೆ ನನ್ನ ಮೇಜಿನ ಬಳಿ ನಿಂತಿದ್ದ ಬಾಲಿಕೆಯ ನೆನಪಾಯಿತು. ಆಕ್ಷೇಪಿಸಿದ ಪಂಡಿತರ ಸಾಲಿನಲ್ಲಿ ನಾನೂ ಕುಳಿತಿದ್ದೆನೆಂದು ಅರಿವಾಯಿತು.

ವಿಧವೆಯಾದ ರಮಾಬಾಯಿಯವರು ಇಂಗ್ಲೆಂಡಿಗೆ ಹೋಗಿ, ೧೮೮೩ರ ಸೆಪ್ಟೆಂಬರಿನಲ್ಲಿ ವಾಂಟೇಜಿನಲ್ಲಿ ದೀಕ್ಷಾಸ್ನಾನ ಹೊಂದಿದರು. ಎರಡು ವರ್ಷದ ಮಗಳು ಮನೋರಮೆಗೂ ಆಗಲೇ ದೀಕ್ಷೆಯಾಯಿತು. ದೀಕ್ಷೆಯಾದ ಮೇಲೆ ಪ್ರಶ್ನೆಗಳು ನಿಂತುವೇ? ಇಲ್ಲ. ತಾನು ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ನಮ್ಮ ಸಂಸ್ಕೃತವೇಕಿರಬಾರದು ಎಂದು ಕೇಳಿದರು. ಚೆಲ್ಟನಮ್ಮಿನ ಕಾಲೇಜಿನಲ್ಲಿ ಆಕೆ ಗಂಡಸರಿಗೆ ಪಾಠ ಹೇಳಬಾರದೆಂದು ಬಿಷಪ್ಪರು ಆಕ್ಷೇಪಿಸಿದಾಗ, ತನ್ನ ತಂದೆಗೂ ಪತಿಗೂ ಇಲ್ಲದಿದ್ದ ಶಂಕೆಯು ಇವರಿಗೇಕೆಂದು ಪ್ರತಿಭಟಿಸಿದರು. ಎಲ್ಲಕ್ಕೂ ಮಿಗಿಲಾಗಿ, ತನಗೆ ಧರ್ಮಮಾತೆಯಂತಿದ್ದ ಸಿಸ್ಟರ್ ಜೆರಾಲ್ಡೀನರೊಡನೆ ಮನೋರಮೆಯ ಶಿಕ್ಷಣದ ವಿಷಯದಲ್ಲಿ ದೀರ್ಘವಾದ ಪತ್ರವಿವಾದವನ್ನು ನಡೆಸಿದರು. ತಾನು ಇನ್ನೂ ಒಪ್ಪದ ಸಿದ್ಧಾಂತವನ್ನು ತನ್ನ ಮಗುವಿನ ಬಾಯಿಗೆ ಯಾರೂ ತುರುಕಬಾರದು. ಮಗಳ ಧರ್ಮಶಿಕ್ಷಣದಲ್ಲಿ ತಾಯಿಯ ಮಾತು ನಡೆಯತಕ್ಕದ್ದು ಎಂಬುದು ಆ ವಾದದ ಸಾರ. ಇಷ್ಟೆಲ್ಲ ಕೇಳಿದವಳು ಕ್ರೈಸ್ತಧರ್ಮವನ್ನು ಬಿಟ್ಟಳೇ? ಬದುಕಿನ ಕೊನೆಯ ವರ್ಷಗಳನ್ನು ಇಡೀ ಸತ್ಯವೇದವನ್ನು ಹೀಬ್ರೂ ಗ್ರೀಕ್ ಮೂಲಗಳಿಂದ ಮರಾಠಿಗೆ ತರುವುದರಲ್ಲಿ ಸವೆಸಿದಳು. ಕೇಡಗಾಂವಿಯ ಮುಕ್ತಿಸದನದ ಹೆಣ್ಣುಮಕ್ಕಳೇ ಅದಕ್ಕೆ ಅಚ್ಚುಮೊಳೆಗಳನ್ನು ಜೋಡಿಸಿದರು. ಪ್ರಶ್ನಿಸದ ಭಕ್ತರಲ್ಲಿ ಇಂಥ ಸೇವೆ ಮಾಡಿದವರು ಎಷ್ಟು ಮಂದಿ?

ಈ ಕಥೆಯು ನಮ್ಮ ಊರಿನ ಹೊಸ್ತಿಲಿಗೇ ಬಂದು ನಿಲ್ಲುವುದು. ೧೯೧೨ರಲ್ಲಿ, ಕಲಬುರಗಿಯು ನಿಜಾಮರ ಸಂಸ್ಥಾನದಲ್ಲಿದ್ದ ಕಾಲದಲ್ಲಿ, ರಮಾಬಾಯಿಯವರು ಮಗಳ ನೆರವಿನಿಂದ ಇಲ್ಲಿಯೇ ಒಂದು ಕ್ರೈಸ್ತ ಪ್ರೌಢಶಾಲೆಯನ್ನು ಸ್ಥಾಪಿಸಿದರು. ಇಂಗ್ಲೆಂಡಿನಲ್ಲಿ ಯಾವ ಮಗುವಿನ ಶಿಕ್ಷಣಕ್ಕಾಗಿ ತಾಯಿಯು ವಾದಿಸಿದ್ದಳೋ ಆ ಮಗುವೇ ಬೆಳೆದು, ಅಮೆರಿಕೆಯಲ್ಲಿ ಓದಿ, ಮುಂಬಯಿ ವಿಶ್ವವಿದ್ಯಾಲಯದ ಪದವಿ ಪಡೆದು, ತಾಯಿಯ ಕಾರ್ಯಕ್ಕೆ ಬಲಗೈಯಾಗಿದ್ದಳು. ಮನೋರಮೆಯು ೧೯೨೧ರಲ್ಲಿಯೂ ತಾಯಿಯು ಮರುವರ್ಷವೂ ತೀರಿಕೊಂಡರು. ಶರಣಬಸವೇಶ್ವರರ ಗುಡಿಯನ್ನೂ ಬಂದೇನವಾಜರ ದರ್ಗೆಯನ್ನೂ ನೋಡಲು ಬಂದವರಿಗೆ ನಾವು ಹೆಮ್ಮೆಯಿಂದ ದಾರಿ ತೋರಿಸುವೆವು. ಈ ತಾಯಿಮಗಳ ಹೆಸರನ್ನು ಮಾತ್ರ ಕ್ರೈಸ್ತರೂ ಹೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಈಗ ಪೂರ್ವಪಕ್ಷಗಳನ್ನು ಒಂದೊಂದಾಗಿ ಪರಾಮರ್ಶಿಸೋಣ.

“ಓದಿದ ಹೆಣ್ಣು ಶ್ರದ್ಧೆಗೆಡುವಳು” ಎಂಬುದು ಮೊದಲನೆಯದು. ಓದಿದ ಗಂಡು ಕೆಡುವನೆಂಬ ಭಯದಿಂದ ಯಾವ ತಂದೆಯೂ ಮಗನನ್ನು ಕಾಲೇಜಿನಿಂದ ಬಿಡಿಸಿದುದನ್ನು ನಾನು ಕಂಡಿಲ್ಲ. ವಿದ್ಯೆಯೇ ವಿಷವಾದರೆ ಮಗನಿಗೂ ವಿಷವೇ. ಅಮೃತವಾದರೆ ಮಗಳಿಗೂ ಅಮೃತವೇ. ಪ್ರಶ್ನೆಯಿಂದ ಮುರಿಯುವ ಶ್ರದ್ಧೆಯನ್ನು ಮೌನದಿಂದ ಉಳಿಸಲಾಗುವುದಿಲ್ಲ. ಅದು ಮದುವೆಯಾದ ಮೊದಲ ಕಷ್ಟದಲ್ಲಿಯೋ, ಮಗುವಿಗೆ ಮೊದಲ ಕಾಯಿಲೆ ಬಂದಾಗಲೋ ಮುರಿಯುವುದು. ಆಗ ಉತ್ತರ ಹೇಳಲು ಹಿರಿಯರು ಬಳಿಯಲ್ಲಿರುವುದಿಲ್ಲ.

“ಸ್ತ್ರೀಯರು ಸಭೆಯಲ್ಲಿ ಮೌನವಾಗಿರಬೇಕೆಂದು ಪೌಲನೇ ಬರೆದಿರುವನಲ್ಲ?” ಎಂಬುದು ಎರಡನೆಯದು. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ಅಂಥ ಮಾತಿರುವುದು ನಿಜ. ಆದರೆ ನಮ್ಮ ಮೀಮಾಂಸಕರು ಒಂದು ವಾಕ್ಯವನ್ನು ಪ್ರಕರಣದಿಂದ ಕಿತ್ತು ವಿಧಿಯೆಂದು ಸಾರುವವನನ್ನು ಪಂಡಿತನೆನ್ನುವುದಿಲ್ಲ. ಅದೇ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದಲ್ಲಿ, ಸ್ತ್ರೀಯರು ಪ್ರಾರ್ಥಿಸುವಾಗಲೂ ಪ್ರವಾದಿಸುವಾಗಲೂ ಹೇಗಿರಬೇಕೆಂಬ ವಿಚಾರವಿದೆ. ಬಾಯಿಯನ್ನೇ ತೆರೆಯಬಾರದಾದವಳಿಗೆ ಪ್ರವಾದನೆಯ ನಿಯಮವೇಕೆ? ಅದೇ ಪೌಲನು ರೋಮಾಪುರದವರಿಗೆ ಬರೆಯುವಾಗ ಫೊಯಿಬೆಯೆಂಬ ಸಭಾಸೇವಕಿಯನ್ನು ಆದರದಿಂದ ಬರಮಾಡಿಕೊಳ್ಳಿರೆನ್ನುವನು. ವಾಕ್ಪಟುವಾದ ಅಪೊಲ್ಲೋಸನಿಗೆ ಮಾರ್ಗವನ್ನು ತಿಳಿಯಹೇಳಿದವರಲ್ಲಿ ಪ್ರಿಸ್ಕಿಲ್ಲೆಯೂ ಒಬ್ಬಳು. ಬೇಥಾನ್ಯದ ಮರಿಯಳು ಅಡುಗೆಯನ್ನು ಬಿಟ್ಟು ಯೇಸುವಿನ ಪಾದದ ಬಳಿ ಕುಳಿತು ಕೇಳುತ್ತಿದ್ದಾಗ, ಅವಳನ್ನು ಎಬ್ಬಿಸಿರೆಂಬ ದೂರನ್ನು ಅವನು ಒಪ್ಪಲಿಲ್ಲ. ಕ್ರೈಸ್ತಸಭೆಗಳೂ ಈಗ ಆ ದಾರಿಯನ್ನೇ ಹಿಡಿದಿರುವುವು. ಮೆಥೋಡಿಸ್ಟರು ೧೯೫೬ರಲ್ಲಿ ಸ್ತ್ರೀಯರಿಗೆ ಪೂರ್ಣವಾದ ಬೋಧಕಾಧಿಕಾರವನ್ನಿತ್ತರು. ದಕ್ಷಿಣ ಇಂಡಿಯಾ ಸಭೆಯು ೧೯೭೬ರಿಂದ ಅವರಿಗೆ ಬೋಧಕದೀಕ್ಷೆಯನ್ನು ಕೊಡುತ್ತಿರುವುದಲ್ಲದೆ, ೨೦೧೩ರಲ್ಲಿ ನಂದ್ಯಾಲಕ್ಕೆ ಪುಷ್ಪಲಲಿತಾ ಎಂಬವರನ್ನು ಬಿಷಪ್ಪರನ್ನಾಗಿ ನೇಮಿಸಿತು. ಸಭೆಯು ತೆರೆದ ಬಾಗಿಲಿಗೆ ಮನೆಯವರು ಅಗುಳಿ ಹಾಕುವುದು ಯಾವ ನ್ಯಾಯ?

“ಹೆಣ್ಣಿಗೆ ಮನೆಯೇ ಧರ್ಮಕ್ಷೇತ್ರ, ಮಕ್ಕಳನ್ನು ಭಕ್ತಿಯಲ್ಲಿ ಬೆಳೆಸಿದರೆ ಸಾಕು” ಎಂಬುದು ಮೂರನೆಯದು. ಕೇಳುವುದಕ್ಕೆ ಇಂಪಾದ ಮಾತು. ಆದರೆ ಬೆಳೆಸುವವಳ ಕೈಯಲ್ಲಿ ಬೀಜವಿರಬೇಡವೇ? ತಿಮೊಥೆಯನ ಶ್ರದ್ಧೆಯು ಅವನ ಅಜ್ಜಿ ಲೋವಿಯಿಂದಲೂ ತಾಯಿ ಯೂನಿಕೆಯಿಂದಲೂ ಬಂದಿತೆಂದು ಪೌಲನೇ ಹೇಳುವನು. ತಾಯಿಗೆ ತಿಳಿದಿರುವುದನ್ನೇ ಮಗು ಕಲಿಯುವುದು. ತಿಳಿಯದ ತಾಯಿಯು ಮಗುವಿಗೆ ಕೊಡಬಲ್ಲುದು ಭಯವೊಂದನ್ನೇ. ನಮ್ಮ ಜಿಲ್ಲೆಯಲ್ಲಿ ೨೦೧೧ರ ಜನಗಣತಿಯ ಕಾಲಕ್ಕೆ ಅಕ್ಷರ ಬಲ್ಲ ಸ್ತ್ರೀಯರು ನೂರಕ್ಕೆ ೫೫ರ ಆಸುಪಾಸಿನಲ್ಲಿದ್ದರು. ಇಂಥ ನಾಡಿನಲ್ಲಿ ಓದಬೇಕೆನ್ನುವ ಹುಡುಗಿಯನ್ನು ತಡೆಯುವುದು, ಕಮಲಾಪುರದ ಕೆಂಪುಬಾಳೆಯು ತಡವಾಗಿ ಬಲಿಯುವುದೆಂದು ಗೊನೆ ಮೂಡುವ ಮೊದಲೇ ಗಿಡವನ್ನು ಕಡಿದಂತೆ.

ಇಷ್ಟರವರೆಗೆ ಓದಿ ನನ್ನ ಮತದ ಬಾಂಧವರು ಒಳಗೊಳಗೇ ಹಿಗ್ಗುತ್ತಿದ್ದರೆ ಅವರಿಗೂ ಎರಡು ಮಾತು. ಕ್ರೈಸ್ತರ ವಿದ್ಯಾದಾನವೆಲ್ಲ ಮತಾಂತರದ ಬಲೆಯೆಂದು ನೀವು ಹೇಳುವಿರಿ. ಅಸಮಾಧಾನಕ್ಕೆ ಕಾರಣವೇ ಇರಲಿಲ್ಲವೆಂದು ನಾನು ಹೇಳಲಾರೆನು. ರಮಾಬಾಯಿಯವರ ಶಾರದಾಸದನವು ೧೮೮೯ರಲ್ಲಿ ಮತಬೋಧೆಯಿಲ್ಲದ ಶಾಲೆಯಾಗಿ ಆರಂಭವಾಯಿತು. ಆಕೆ ಬಾಗಿಲು ತೆರೆದೇ ಪ್ರಾರ್ಥಿಸುತ್ತಿದ್ದರು. ಬಾಲಿಕೆಯರು ಬಂದು ಕುಳಿತರು. ೧೮೯೩ರಲ್ಲಿ ರಾನಡೆ, ಭಾಂಡಾರಕರರಂಥ ಹಿತೈಷಿಗಳೂ ಸಲಹಾಮಂಡಲಿಯನ್ನು ಬಿಟ್ಟರು. ಅನೇಕ ಬಾಲಿಕೆಯರನ್ನು ಪಾಲಕರು ಬಿಡಿಸಿಕೊಂಡು ಹೋದರು. ಪರರ ಮಕ್ಕಳ ವಿಷಯದಲ್ಲಿ ಕೊಟ್ಟ ಮಾತು ಕೂದಲೆಳೆಯಷ್ಟೂ ಸಡಿಲವಾಗಬಾರದೆಂಬುದು ಆ ಪ್ರಸಂಗದ ಪಾಠ. ಆದರೆ ನಮ್ಮನ್ನು ನಾವೇ ಕೇಳಿಕೊಳ್ಳೋಣ: ಬಾಲವಿಧವೆಯರಿಗೆ ಶಾಲೆ ತೆರೆಯಲು ಆಕೆಯ ತನಕ ಎಷ್ಟು ಮಂದಿ ಮುಂದೆ ಬಂದಿದ್ದೆವು? ಈ ಜಿಲ್ಲೆಯ ಅನೇಕ ಕ್ರೈಸ್ತ ಕುಟುಂಬಗಳ ಅಜ್ಜಂದಿರು, ನಮ್ಮ ಅಗ್ರಹಾರಗಳು ಅಕ್ಷರವನ್ನೇ ನಿರಾಕರಿಸಿದ ಜನರು. ನಾವು ಮುಚ್ಚಿದ ಬಾಗಿಲಿನ ಮುಂದೆ ನಿಂತು, ಬೇರೊಬ್ಬರು ತೆರೆದ ಬಾಗಿಲನ್ನು ಹಳಿಯುವುದು ಶೋಭಿಸದು. ಹನ್ನೆರಡನೆಯ ಶತಮಾನದಲ್ಲಿ ನಮ್ಮ ನೆರೆಯ ಕಲ್ಯಾಣದಲ್ಲಿ ಅಕ್ಕಮಹಾದೇವಿಯು ಶರಣರ ನಡುವೆ ನಿಂತು ಪ್ರಶ್ನೆಗೆ ಪ್ರಶ್ನೆ ಹಾಕಿದಳೆಂದು ಕೊಂಡಾಡುವ ನಾವು, ನಮ್ಮ ಮನೆಯ ಅಕ್ಕಂದಿರನ್ನು ಎಷ್ಟು ಮಾತನಾಡಗೊಟ್ಟಿರುವೆವು?

ಹಾಗಾದರೆ ಮಗಳನ್ನು ಶ್ರದ್ಧೆಯಲ್ಲಿ ಬೆಳೆಸುವ ಬಗೆ ಯಾವುದು? ಶಿಕ್ಷಕನಾಗಿ ಕಂಡ ಮಟ್ಟಿಗೆ ಹೇಳುವೆನು. ಸಾಯಂಪ್ರಾರ್ಥನೆಯಲ್ಲಿ ಸತ್ಯವೇದವನ್ನು ತಂದೆಯೊಬ್ಬನೇ ಓದದೆ ಮಗಳೂ ಓದಲಿ. ಓದಿದ ಮೇಲೆ ಅವಳಿಗೆ ತಿಳಿಯದುದನ್ನು ಕೇಳಲಿ. ಉತ್ತರ ಬಾರದಿದ್ದರೆ “ನನಗೂ ತಿಳಿಯದು, ವಿಚಾರಿಸೋಣ” ಎನ್ನುವ ಧೈರ್ಯ ತಂದೆಗಿರಲಿ. ಸಭೆಯ ತಿಳಿದ ಹೆಂಗಸರು ಎಳೆಯ ಹುಡುಗಿಯರನ್ನು ಇಬ್ಬರು ಮೂವರಂತೆ ತಮ್ಮ ಬಳಿ ಕರೆದು, ಬರಿಯ ಕೀರ್ತನೆಗಳನ್ನಲ್ಲದೆ ತಮ್ಮ ಬಾಳಿನ ಕಷ್ಟನಿಷ್ಠುರಗಳನ್ನೂ ಹೇಳಿಕೊಡಲಿ. ಅಂಥ ಮಾರ್ಗದರ್ಶನವು ಯಾವ ಉಪದೇಶಕ್ಕಿಂತಲೂ ಆಳಕ್ಕಿಳಿಯುವುದು. ಪ್ರಾಯಕ್ಕೆ ಬಂದ ಮೇಲೆ ಒಪ್ಪುವ ನಿರ್ಣಯವು ಅವಳದಾಗಿರಲಿ. ಬಲವಂತದಿಂದ ಒಪ್ಪಿಸಿದ ಶ್ರದ್ಧೆಯು ತಂದೆಯದೇ ಹೊರತು ಮಗಳದಲ್ಲ.

ಕಮಲಾಪುರದ ಹಿರಿಯರೇ, ತಾವು ಈ ಪತ್ರಿಕೆಯ ವಾಚಕರೆಂಬುದನ್ನು ಬಲ್ಲೆನು. ತಾವು ನನ್ನಿಂದ ಕೇಳಿದ ಬುದ್ಧಿಮಾತು ಇದೇ: ಹುಡುಗಿಯನ್ನು ಕಳುಹಿಸಿರಿ. ಮಂಗಳೂರಿನಲ್ಲಿ ಅವಳಿಗೆ ಗ್ರೀಕ್ ವ್ಯಾಕರಣವು ಎದುರಾಗುವುದು. ನನಗೆ ಆ ಭಾಷೆ ಬಾರದು. ಆದರೆ ಅದರ ವಿಭಕ್ತಿಗಳು ಸಂಸ್ಕೃತದ ವಿಭಕ್ತಿಗಳಿಗೆ ದಾಯಾದಿಗಳೆಂದು ಭಾಷಾಶಾಸ್ತ್ರಜ್ಞರು ಹೇಳುವರು. ‘ರಾಮಃ ರಾಮೌ ರಾಮಾಃ’ ಕಲಿತವಳು ಅವುಗಳಿಗೆ ಹೆದರಲಾರಳು. ಕಾಲೇಜು ತೆರೆಯುವ ತನಕ ವಾರಕ್ಕೆರಡು ದಿನ ನಾನೇ ಕಮಲಾಪುರಕ್ಕೆ ಬಂದು ಪಾಠ ಹೇಳುವೆನು. ತಾಯಿಯೂ ಜೊತೆಗೆ ಕುಳಿತುಕೊಳ್ಳಲಿ. ಮೂವತ್ತು ವರ್ಷ ತಡವಾಯಿತು, ಇನ್ನು ತಡವಾಗಬಾರದು.

ಇತಿ ಶಮ್.