ತಂತಿಯಿಲ್ಲದ ಬೈರಿಗೆ ಯಂತ್ರದ ಆಯ್ಕೆ

ವಿದ್ಯುತ್ ತಂತಿಯು ನಿಲುಕದ ಸ್ಥಳಗಳಲ್ಲಿ ಬೇಲಿಯ ಕಂಬ, ಕೊಟ್ಟಿಗೆಯ ತಗಡು, ಕೂರಿಗೆಯ ದಿಂಡು ಮೊದಲಾದುವುಗಳ ದುರಸ್ತಿಗೆ ಬ್ಯಾಟರಿಯ ಬೈರಿಗೆಯು ರೈತನಿಗೆ ಬಹು ಸಹಾಯಕವಾದುದು. ಆದರೆ ವೋಲ್ಟಿನ ಅಂಕಿಯು ಹೆಚ್ಚಿದಷ್ಟೂ ಯಂತ್ರವು ಉತ್ತಮವೆಂದು ಭಾವಿಸಿ ಹಣವನ್ನು ವ್ಯಯಮಾಡುವುದು ಯುಕ್ತವಲ್ಲ. ಲಿಥಿಯಂ ಬ್ಯಾಟರಿಯ ಒಂದೊಂದು ಕೋಶವು ಸುಮಾರು 3.6 ವೋಲ್ಟಿನದು. 12 ವೋಲ್ಟಿನದೆಂದು ಮಾರುವ ಯಂತ್ರದಲ್ಲಿ ಸಾಮಾನ್ಯವಾಗಿ ಇಂತಹ 3 ಕೋಶಗಳೂ, 18 ವೋಲ್ಟಿನದರಲ್ಲಿ ಕನಿಷ್ಠ 5 ಕೋಶಗಳೂ ಇರುವುವು. ಮೊದಲನೆಯದು ಸುಮಾರು 1 ಕಿಲೋಗ್ರಾಂ ಮಾತ್ರ ತೂಗುವುದು. ಏಣಿಯ ಮೇಲೆ ಕೈಯೆತ್ತಿ ಕೆಲಸಮಾಡುವವನಿಗೆ ಈ ಹಗುರವೇ ಕ್ಷೇಮಕರವು. ಮರಕ್ಕೂ ತೆಳುವಾದ ತಗಡಿಗೂ ಇದರ ಬಲವು ಸಾಲುವುದು. ಕಲ್ಲು, ಕಾಂಕ್ರೀಟುಗಳನ್ನು ಪದೇಪದೇ ಕೊರೆಯಬೇಕಾದವರು ಮಾತ್ರ ಸುತ್ತಿಗೆಯಂತೆ ಏಟನ್ನೂ ಕೊಡುವ ದೊಡ್ಡ ಯಂತ್ರವನ್ನು ಕೊಳ್ಳತಕ್ಕದ್ದು.

ಬಾಳಿಕೆಯು ಭಾರದಲ್ಲಿಲ್ಲ. ಸವೆಯುವ ಇಂಗಾಲದ ಬ್ರಷ್ಷುಗಳಿಲ್ಲದ ಮೋಟಾರು, ಲೋಹದ ಹಲ್ಲುಚಕ್ರ, ಸಮೀಪದ ಪೇಟೆಯಲ್ಲಿ ದೊರೆಯುವ ಬದಲಿ ಬ್ಯಾಟರಿ, ಈ ಮೂರನ್ನೂ ವಿಚಾರಿಸಿದ ಮೇಲೆಯೇ ಬೆಲೆಯನ್ನು ಕೇಳುವುದು ಲೇಸು. ಒಂದು ಕಂಪೆನಿಯ ಬ್ಯಾಟರಿಯು ಸಾಧಾರಣವಾಗಿ ಮತ್ತೊಂದರ ಯಂತ್ರಕ್ಕೆ ಹೊಂದದು. ಅದು ದೊರೆಯದಿದ್ದಲ್ಲಿ ಗಟ್ಟಿಯಾದ ಯಂತ್ರವೂ ಮೂಲೆ ಸೇರುವುದು. ಬ್ಯಾಟರಿಯನ್ನು ಬಿಸಿಲಿಗೆ ಬಿಡದೆ ನೆರಳಿನಲ್ಲಿಟ್ಟು ಕಾಪಾಡುವ ರೈತನಿಗೆ ಹಗುರವಾದ ಯಂತ್ರವೂ ಬಹುಕಾಲ ಒದಗುವುದರಲ್ಲಿ ಸಂದೇಹವಿಲ್ಲ.