ದೇಶ ಸುತ್ತುವವರ ಒಳಗಡಿಯಾರ

ಜನವರಿಯ ಒಂದು ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಬೆಂಗಳೂರಿನ ಶಾಲೆಯೊಂದರಲ್ಲಿ ಪಾಲಕರ ಸಭೆ ನಡೆದಿದೆ. ಏಳನೆಯ ತರಗತಿಯ ಹುಡುಗಿಯ ತಂದೆ ಹತ್ತು ದಿನ ಜರ್ಮನಿಯಲ್ಲಿದ್ದು ಹಿಂದಿನ ರಾತ್ರಿಯಷ್ಟೇ ಮರಳಿದ್ದಾರೆ. ಗಣಿತದ ಶಿಕ್ಷಕಿ ಮಗಳ ಓದಿನ ಬಗ್ಗೆ ಹೇಳುತ್ತಿದ್ದಂತೆ ತಂದೆಯ ತಲೆ ಮೆಲ್ಲನೆ ಎದೆಯತ್ತ ಬಾಗುತ್ತದೆ. ಮಗಳ ಮುಖ ಸಣ್ಣದಾಗುತ್ತದೆ. ‘ಅಪ್ಪನಿಗೆ ನನ್ನ ಓದಿನಲ್ಲಿ ಆಸಕ್ತಿಯೇ ಇಲ್ಲ’ ಎಂದು ಅವಳಿಗೆ ಅನ್ನಿಸಿದರೆ ಅದು ಅವಳ ತಪ್ಪಲ್ಲ. ಅಪ್ಪನ ತಪ್ಪೂ ಅಲ್ಲ. ಗೋಡೆಯ ಗಡಿಯಾರ ಹತ್ತು ಹೊಡೆದಿದ್ದರೂ ಅವರ ಮೈಯೊಳಗಿನ ಗಡಿಯಾರದಲ್ಲಿ ಆಗ ಬೆಳಗಿನ ಜಾವ ಐದೂವರೆ!

‘ದೇಶ ಸುತ್ತು, ಕೋಶ ಓದು’ ಎಂದರು ಹಿರಿಯರು. ಈಗ ಸುತ್ತುವುದು ಸುಲಭ. ತಂತ್ರಾಂಶ, ಔಷಧ, ಸಿದ್ಧ ಉಡುಪು, ಕಾಫಿ ಎಂದು ವ್ಯವಹಾರದ ನಿಮಿತ್ತ ಮತ್ತೆ ಮತ್ತೆ ಹೊರದೇಶಕ್ಕೆ ಹೋಗಿಬರುವವರು ಎಷ್ಟೋ ಮನೆಗಳಲ್ಲಿದ್ದಾರೆ. ಹೋದ ಊರಿನಲ್ಲಿ ಕೆಲಸ ಸರಿಯಾಗಿ ಮಾಡುವುದು, ಬಂದ ಮೇಲೆ ಮನೆಯವರೊಂದಿಗೆ ನೆಟ್ಟಗೆ ಇರುವುದು ಮಾತ್ರ ಕಷ್ಟ. ಇದನ್ನು ಹಗುರ ಮಾಡಿಕೊಳ್ಳುವ ದಾರಿ ಪೆಟ್ಟಿಗೆ ಕಟ್ಟುವ ಜಾಣತನದಲ್ಲಿ ಅಷ್ಟಾಗಿ ಇಲ್ಲ. ಆ ಒಳಗಡಿಯಾರವನ್ನು ಅರಿತುಕೊಳ್ಳುವುದರಲ್ಲಿದೆ.

ಹಡಗಿಗಿಲ್ಲದ ತೊಂದರೆ

ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿದ್ದ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ವಾರಗಟ್ಟಲೆಯ ಪಯಣದಲ್ಲಿ ಗಡಿಯಾರದ ಮುಳ್ಳನ್ನು ಆಗಾಗ ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿಸುತ್ತಿದ್ದರು. ಮೈ ಅದಕ್ಕೆ ಹೊಂದಿಕೊಳ್ಳುತ್ತಿತ್ತು. ಭೂಮಿ ಗಂಟೆಗೆ 15 ಡಿಗ್ರಿ ರೇಖಾಂಶದಷ್ಟು ತಿರುಗುತ್ತದೆ. ಅದಕ್ಕೆ ಸರಿಸಮನಾಗಿ ಓಡುವ ವಾಹನ ಬಂದ ಮೇಲೆ ಮೈ ಹಿಂದೆ ಬಿತ್ತು. 1931ರಲ್ಲಿ ವಿಲಿ ಪೋಸ್ಟ್ ಮತ್ತು ಹೆರಾಲ್ಡ್ ಗ್ಯಾಟಿ ಎಂಬ ವೈಮಾನಿಕರು ಒಂಬತ್ತು ದಿನಕ್ಕೂ ಕಡಿಮೆ ಅವಧಿಯಲ್ಲಿ ಜಗತ್ತನ್ನು ಸುತ್ತಿಬಂದರು. ಈ ಸಂಕಟವನ್ನು ಮೊದಲೇ ಊಹಿಸಿದ್ದ ಪೋಸ್ಟ್, ಹೊರಡುವ ಮುನ್ನವೇ ತನ್ನ ನಿದ್ರೆಯ ಹೊತ್ತನ್ನು ಬದಲಿಸುವ ಅಭ್ಯಾಸ ಮಾಡಿದ್ದ. 1952ರಲ್ಲಿ ಪ್ರಯಾಣಿಕರ ಜೆಟ್ ಸೇವೆ ಶುರುವಾಯಿತು. ಆಮೇಲೆ ಈ ಬಳಲಿಕೆಗೆ ‘ಜೆಟ್ ಲ್ಯಾಗ್’ ಎಂಬ ಹೆಸರೂ ಬಂತು.

ಒಳಗಡಿಯಾರದ ಸುಳಿವು ಮಾತ್ರ ಇನ್ನೂ ಹಳೆಯದು. 1729ರಲ್ಲಿ ದ ಮೈರಾಂ ಎಂಬ ಫ್ರೆಂಚ್ ಖಗೋಳ ವಿಜ್ಞಾನಿ ನಮ್ಮ ಮುಟ್ಟಿದರೆ ಮುನಿಯ ಜಾತಿಯ ಗಿಡವೊಂದನ್ನು ಕತ್ತಲಲ್ಲಿಟ್ಟು ನೋಡಿದ. ಬಿಸಿಲು ಕಾಣದಿದ್ದರೂ ಎಲೆಗಳು ಹಗಲು ಬಿಚ್ಚಿಕೊಂಡು ರಾತ್ರಿ ಮುಚ್ಚಿಕೊಳ್ಳುತ್ತಲೇ ಇದ್ದವು. ಮುಟ್ಟಿದರೆ ಮುನಿಯನ್ನು ಕುಂಡದಲ್ಲಿ ಬೆಳೆಸಿ, ಒಂದೆರಡು ದಿನ ಕತ್ತಲ ಕಪಾಟಿನಲ್ಲಿಟ್ಟು ವಿದ್ಯಾರ್ಥಿಗಳೂ ಈ ಪರೀಕ್ಷೆ ಮಾಡಬಹುದು. 1971ರಲ್ಲಿ ಅಮೆರಿಕದ ಕೊನೊಪ್ಕ ಮತ್ತು ಬೆನ್ಜರ್ ಹಣ್ಣಿನ ನೊಣಗಳಲ್ಲಿ ಈ ಲಯವನ್ನು ಏರುಪೇರು ಮಾಡುವ ವಂಶವಾಹಿಯನ್ನು ಗುರುತಿಸಿದರು. ಅದು ಕೆಲಸ ಮಾಡುವ ಬಗೆಯನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್, ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಸಂದಿತು.

ಮನುಷ್ಯನಲ್ಲಿ ಈ ಗಡಿಯಾರದ ಮುಖ್ಯ ಠಾಣೆ ಮಿದುಳಿನಲ್ಲಿ, ಎರಡೂ ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಜಾಗದ ಮೇಲಿದೆ. ಸುಮಾರು 20,000 ನರಕೋಶಗಳ ಪುಟ್ಟ ಗಂಟು ಅದು. ನಿದ್ರೆ, ಹಸಿವು, ಮೈಬಿಸಿ, ಹಾರ್ಮೋನುಗಳು ಎಲ್ಲವೂ ಅದರ ತಾಳಕ್ಕೆ ನಡೆಯುತ್ತವೆ. ಅದರ ಒಂದು ಸುತ್ತಿಗೆ ಸರಾಸರಿ 24 ಗಂಟೆಗಿಂತ ತುಸು ಹೆಚ್ಚೇ ಬೇಕು. ದಿನವೂ ಅದನ್ನು ಸರಿಪಡಿಸುವುದು ಕಣ್ಣಿಗೆ ಬೀಳುವ ಬೆಳಕು.

ತುಸು ನಿಧಾನವಾದ ಗಡಿಯಾರಕ್ಕೆ ದಿನವನ್ನು ಹಿಗ್ಗಿಸುವುದು ಸುಲಭ, ಕುಗ್ಗಿಸುವುದು ಕಷ್ಟ. ಆದ್ದರಿಂದಲೇ ಪಶ್ಚಿಮಕ್ಕೆ ಹೋದವರು ಬೇಗ ಹೊಂದಿಕೊಳ್ಳುತ್ತಾರೆ. ಪೂರ್ವಕ್ಕೆ ಹೋದವರು ಒದ್ದಾಡುತ್ತಾರೆ. ಪೂರ್ವದ ಪಯಣದಲ್ಲಿ ಗಂಟೆಯೊಂದರ ವ್ಯತ್ಯಾಸಕ್ಕೆ ಸರಿಸುಮಾರು ಒಂದು ದಿನ ಬೇಕೆಂಬುದು ಸ್ಥೂಲ ಲೆಕ್ಕ. ಯೂರೋಪಿಗೆ ಹೋದ ಭಾರತೀಯರಿಗೆ ಹೋಗುವಾಗಿನದಕ್ಕಿಂತ ಬರುವಾಗಿನ ಆಯಾಸವೇ ಹೆಚ್ಚು. ಮನೆಯವರ ಪಾಲಿಗೆ ಸಿಗುವುದು ಆ ದಿನಗಳೇ!

ಬೆಳಕೇ ಔಷಧ

ಪ್ರವಾಸ ಎರಡು ಮೂರು ದಿನದ್ದಾದರೆ ಹೊಂದಿಕೊಳ್ಳುವ ಗೋಜಿಗೇ ಹೋಗಬಾರದು. ಸಾಧ್ಯವಾದಷ್ಟೂ ಊರಿನ ಹೊತ್ತಿಗೇ ಉಂಡು ಮಲಗಿ, ಊರಿನಲ್ಲಿ ಹಗಲಾಗಿರುವ ಹೊತ್ತಿಗೆ ಮುಖ್ಯ ಸಭೆಗಳನ್ನು ಇಟ್ಟುಕೊಳ್ಳಬೇಕು. ಚಳಿಗಾಲದಲ್ಲಿ ಫ್ರಾಂಕ್‌ಫರ್ಟ್‌ನ ಬೆಳಗಿನ ಒಂಬತ್ತು ಎಂದರೆ ನಮ್ಮ ಮಧ್ಯಾಹ್ನದ ಒಂದೂವರೆ. ಅಲ್ಲಿ ಬೆಳಗಿನ ಸಭೆ ಒಳ್ಳೆಯದು. ಟೋಕಿಯೋದ ಒಂಬತ್ತು ನಮ್ಮ ಐದೂವರೆ. ಅಲ್ಲಿ ಮಧ್ಯಾಹ್ನವೇ ವಾಸಿ. ಸ್ಯಾನ್‌ಫ್ರಾನ್ಸಿಸ್ಕೋದ ಬೆಳಗಿನ ಒಂಬತ್ತಕ್ಕೆ ಇಲ್ಲಿ ರಾತ್ರಿ ಹತ್ತೂವರೆ. ಅಲ್ಲಿ ಇಳಿದ ಮರುದಿನವೇ ಬೆಳಿಗ್ಗೆ ಕರಾರಿಗೆ ಸಹಿ ಹಾಕಲು ಕೂರುವವರು, ಮಲಗುವ ಹೊತ್ತಿಗೆ ಲೆಕ್ಕ ಬಿಡಿಸಲು ಹೊರಟಂತೆ.

ವಾರಕ್ಕೂ ಹೆಚ್ಚು ಇರುವುದಾದರೆ ಅಲ್ಲಿನ ಹೊತ್ತಿಗೇ ಬದಲಾಗಬೇಕು. ಯೂರೋಪಿನಲ್ಲಿ ಇಳಿದವರು ಸಂಜೆ ಬೇಗನೆ ಹಾಸಿಗೆಗೆ ಬೀಳದೆ ಬೆಳಕಿನಲ್ಲಿರಬೇಕು. ಚಳಿಗಾಲದಲ್ಲಿ ಅಲ್ಲಿ ಐದಕ್ಕೇ ಕತ್ತಲಾಗುವುದರಿಂದ ಪ್ರಖರ ದೀಪದ ಕೋಣೆಯೂ ಆದೀತು. ಮರಳಿ ಬಂದಾಗ ಎಡವುವವರು ಹೆಚ್ಚು. ಊರಿಗೆ ಬಂದ ಮರುದಿನವೇ ಆರು ಗಂಟೆಗೆ ವಾಯುವಿಹಾರಕ್ಕೆ ಹೊರಡುವುದು ಒಳ್ಳೆಯ ಅಭ್ಯಾಸದಂತೆ ಕಾಣುತ್ತದೆ. ಆದರೆ ಮೈಗೆ ಅದು ನಡುರಾತ್ರಿಯ ನಂತರದ ಒಂದೂವರೆ. ಆ ಹೊತ್ತಿನ ಬೆಳಕು ಗಡಿಯಾರವನ್ನು ಮುಂದೂಡುವ ಬದಲು ಇನ್ನೂ ಹಿಂದಕ್ಕೆ ಎಳೆಯುತ್ತದೆ. ಮೊದಲ ದಿನ ಹತ್ತರ ಬಳಿಕ ಬಿಸಿಲಿಗೆ ಹೋಗಿ, ಮುಂದೆ ದಿನಕ್ಕೊಂದು ಗಂಟೆಯಂತೆ ಮುಂಚಿತವಾಗಿ ಹೋಗುತ್ತ ಬಂದರೆ ಮೈ ಬೇಗ ದಾರಿಗೆ ಬರುತ್ತದೆ.

ಕಾಫಿ ಬೇಡವೆಂದಲ್ಲ. ಆದರೆ ಕುಡಿದ ಕೆಫೀನಿನ ಅರ್ಧ ಭಾಗ ಸುಮಾರು ಐದು ಗಂಟೆಯ ನಂತರವೂ ಮೈಯಲ್ಲಿ ಉಳಿದಿರುತ್ತದೆ. ಮಧ್ಯಾಹ್ನದ ಬಳಿಕ ತಡೆದುಕೊಳ್ಳಬೇಕು. ಮೆಲಟೊನಿನ್ ಮಾತ್ರೆಯನ್ನು ತಪ್ಪು ಹೊತ್ತಿನಲ್ಲಿ ನುಂಗಿದರೆ ಗಡಿಯಾರ ಉಲ್ಟಾ ಸರಿಯಬಹುದಾದ್ದರಿಂದ ವೈದ್ಯರನ್ನು ಕೇಳದೆ ಕೂಡದು. ಇನ್ಸುಲಿನ್ ತೆಗೆದುಕೊಳ್ಳುವವರು ಹೊರಡುವ ಮುನ್ನವೇ ವೈದ್ಯರೊಂದಿಗೆ ಕುಳಿತು ಹೊತ್ತಿನ ಪಟ್ಟಿ ಬರೆಸಿಕೊಳ್ಳಬೇಕು.

ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟೇ. ಎಂದರೆ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಹತ್ತು ಗಂಟೆ ಕುಳಿತಂತೆ; ಜತೆಗೆ ಗಾಳಿ ಬಹಳ ಒಣ. ಆಗಾಗ ನೀರು ಕುಡಿಯಬೇಕು. ನಾಲ್ಕು ಗಂಟೆ ಮೀರಿದ ಪಯಣದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುವುದರಿಂದ ಆಗಾಗ ಎದ್ದು ನಡೆಯಬೇಕು. ಔಷಧ ಮತ್ತು ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ. ಹಲವು ದೇಶಗಳು ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಬಾಕಿ ಇರಬೇಕೆನ್ನುತ್ತವೆ. ಪದೇ ಪದೇ ಹೋಗುವವರೇ ಅದನ್ನು ಮರೆಯುವುದು.

ಚಾಲಕನ ಆಸನ ಬೇಡ

ಒಂದು ವಿಷಯದಲ್ಲಿ ರಾಜಿ ಸಲ್ಲದು. ಹದಿನೇಳು ಗಂಟೆ ನಿದ್ರೆಗೆಟ್ಟವರ ಚುರುಕು, ರಕ್ತದಲ್ಲಿ ಶೇ. 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ತೋರಿಸಿದರು. ಭಾರತದ ಕಾನೂನು ಚಾಲಕನಿಗೆ ಬಿಡುವ ಮಿತಿ ಶೇ. 0.03 ಮಾತ್ರ. ದೇವನಹಳ್ಳಿಯಲ್ಲಿ ರಾತ್ರಿ ಎರಡಕ್ಕೆ ಇಳಿದು, ನಿಲ್ಲಿಸಿ ಹೋಗಿದ್ದ ಕಾರನ್ನು ತಾವೇ ಓಡಿಸಿಕೊಂಡು ಮೈಸೂರಿಗೋ ತುಮಕೂರಿಗೋ ಹೊರಡುವವರು ಒಂದು ತೊಟ್ಟೂ ಮುಟ್ಟದೆ ಅಮಲಿನಲ್ಲಿರುತ್ತಾರೆ. ಟ್ಯಾಕ್ಸಿಯ ಬಾಡಿಗೆ ಎಷ್ಟಾದರೂ ಅದು ದುಬಾರಿಯಲ್ಲ.

ವಿದ್ಯಾರ್ಥಿಗಳೂ ಇದನ್ನು ಅಪ್ಪ ಅಮ್ಮಂದಿರ ಪಾಡು ಎಂದು ಬಿಡುವಂತಿಲ್ಲ. ಹದಿಹರೆಯದಲ್ಲಿ ಒಳಗಡಿಯಾರ ಸಹಜವಾಗಿಯೇ ತಡವಾಗುತ್ತದೆ. ಶನಿವಾರ, ಭಾನುವಾರ ರಾತ್ರಿ ಎರಡರವರೆಗೆ ಮೊಬೈಲ್ ನೋಡಿ ಬೆಳಿಗ್ಗೆ ಹತ್ತಕ್ಕೆ ಏಳುವ ಹುಡುಗ, ಸೋಮವಾರ ಆರಕ್ಕೆ ಎದ್ದಾಗ ಯೂರೋಪಿನಿಂದ ಆಗ ತಾನೇ ಇಳಿದವನಂತೆಯೇ ಇರುತ್ತಾನೆ. ಪರೀಕ್ಷೆಯ ಹಿಂದಿನ ವಾರ ಹೀಗಾದರೆ ಪ್ರಶ್ನೆಪತ್ರಿಕೆಯ ಮುಂದೆ ತೂಕಡಿಸುವ ಸರದಿ ಅವನದು.

ಮನೆಗೊಂದು ಉಪಾಯವಿದೆ. ಗೋಡೆಯ ಗಡಿಯಾರದ ಪಕ್ಕದಲ್ಲಿ ಹೋದ ಊರಿನ ಹೊತ್ತು ತೋರಿಸುವ ಇನ್ನೊಂದನ್ನು ತೂಗುಹಾಕಿ, ಅದನ್ನು ಹೊಂದಿಸುವ ಕೆಲಸವನ್ನು ಮಕ್ಕಳಿಗೆ ಬಿಡುವುದು. ಅಪ್ಪನೋ ಅಮ್ಮನೋ ಬಂದ ಮೇಲೂ ಅದನ್ನು ಕೂಡಲೇ ಇಳಿಸದೆ, ದಿನಕ್ಕೊಂದು ಗಂಟೆಯಂತೆ ಮುಂದೆ ತಿರುಗಿಸುತ್ತ ಹೋದರೆ ಅವರ ಮೈಯಲ್ಲಿ ಈಗ ಎಷ್ಟು ಹೊತ್ತು ಎಂಬುದು ಮನೆಯವರಿಗೆಲ್ಲ ತಿಳಿಯುತ್ತದೆ. ಆ ಹುಡುಗಿಯ ಮನೆಯಲ್ಲಿ ಅಂಥದೊಂದು ಗಡಿಯಾರ ಇದ್ದಿದ್ದರೆ, ಶಿಕ್ಷಕಿಯೊಂದಿಗಿನ ಭೇಟಿಯನ್ನು ಅವಳೇ ಮಧ್ಯಾಹ್ನಕ್ಕೆ ಕೇಳಿಕೊಳ್ಳುತ್ತಿದ್ದಳು.