ಬೇಸಿಗೆಯ ಪ್ರವಾಸ ವಿಕಲಚೇತನರಿಗೂ ಸಲ್ಲಲಿ

ಗೇರುತೋಟಗಳಿಗೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಪುತ್ತೂರು, ಸುಳ್ಯ, ಕಡಬಗಳ ಅನೇಕ ಮನೆಗಳಲ್ಲಿ ಅಂಗವೈಕಲ್ಯವನ್ನು ಉಳಿಸಿಹೋಗಿದೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಆದರೆ ಸಂತ್ರಸ್ತರಲ್ಲಿ ಹಲವರಿಗೆ ಇಂದಿಗೂ ಪಯಣವೆಂದರೆ ಆಸ್ಪತ್ರೆಯ ಹಾದಿಯೊಂದೇ. ಬೇಸಿಗೆಯಲ್ಲೊಮ್ಮೆ ಹೊಳೆಯ ತಂಗಾಳಿ, ಜಾತ್ರೆಯ ಸಂಭ್ರಮ ಅವರಿಗೂ ದೊರೆಯುವುದು ಆರೋಗ್ಯದ ಭಾಗವೇ ಎಂದು ನಾವು ಭಾವಿಸುತ್ತೇವೆ.

ಇದಕ್ಕೆ ಪೂರ್ವಸಿದ್ಧತೆ ಅಗತ್ಯ. ಹೋಗುವ ಸ್ಥಳದಲ್ಲಿ ಇಳಿಜಾರು ದಾರಿ, ಗಾಲಿಕುರ್ಚಿ ಹಿಡಿಸುವ ಶೌಚಾಲಯ ಇವೆಯೇ ಎಂದು ಮೊದಲೇ ವಿಚಾರಿಸಬೇಕು. ನಸುಕಿನಲ್ಲೇ ಹೊರಟು, ಬಿಸಿಲೇರುವ ಮುನ್ನ ನೆರಳು ಸೇರಬೇಕು. ಆಗಾಗ ನೀರು ಕುಡಿಸಬೇಕು. ಮೂರ್ಛೆರೋಗವುಳ್ಳವರಿಗೆ ಮಾತ್ರೆಯ ಹೊತ್ತು ತಪ್ಪಬಾರದು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಸಾರ್ವಜನಿಕ ಸ್ಥಳಗಳಲ್ಲಿ ಸುಗಮ ಪ್ರವೇಶವನ್ನು ಕಡ್ಡಾಯಗೊಳಿಸಿದೆ. ಅದನ್ನು ಕೇಳಿ ಪಡೆಯೋಣ. ವಾಹನವುಳ್ಳ ಸದ್ಭಕ್ತರು ವರ್ಷದಲ್ಲೊಂದು ದಿನವನ್ನು ನೆರೆಯ ಇಂಥ ಕುಟುಂಬಕ್ಕೆ ಮೀಸಲಿಟ್ಟರೆ ಅದೂ ದಾಸೋಹವೇ.